‘ಆಲ್ ರೈಟ್ ನೌ’ ಕುರಿತು ಬರೆಯುತ್ತಿರುವವರಿಗೆ ಒಂದು ಪತ್ರ

ಪ್ರಿಯ ಮಿತ್ರರೇ,

ವಂದನೆಗಳು. ಬ್ರಿಟನ್ನಿನ ರಾಕ್ ತಂಡ ಫ್ರೀಯ ‘ಆಲ್ ರೈಟ್ ನೌ’ ಹಾಡಿನ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಹಾಡಿನ ಮೇಲೆ ನಿಮಗಿರುವ ಪ್ರೀತಿ ಪ್ರತಿ ಪುಟದಲ್ಲೂ ಎದ್ದು ಕಾಣುತ್ತದೆ. ಆದರೆ ಹಾಡು ಮಾತ್ರ ಎಲ್ಲಿಯೂ ಕಿವಿಗೆ ಬೀಳುವುದಿಲ್ಲ. 1970ರ ಮೇ ತಿಂಗಳಲ್ಲಿ ಹೊರಬಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೂ ಅಮೆರಿಕದಲ್ಲಿ 4ನೇ ಸ್ಥಾನಕ್ಕೂ ಏರಿತೆಂದು ಹೇಳಿ, ಮರುವಾಕ್ಯದಲ್ಲೇ ಅದನ್ನು ಅಜರಾಮರ ಎಂದು ಕರೆದುಬಿಟ್ಟಿದ್ದೀರಿ. ಆ ಬೇಸಿಗೆಯಲ್ಲಿ ಬ್ರಿಟನ್ನಿನ ಮೊದಲ ಸ್ಥಾನವನ್ನು ಇವರಿಗೆ ಬಿಟ್ಟುಕೊಡದೆ ವಾರಗಟ್ಟಲೆ ಕುಳಿತಿದ್ದದ್ದು ಮಂಗೋ ಜೆರಿ ತಂಡದ ಹಾಡು. ಪಟ್ಟಿಯಲ್ಲಿ ಏರಿದ್ದು ಹಾಡು ಗೆದ್ದಿತೆಂಬುದಕ್ಕೆ ಸಾಕ್ಷಿಯೇ ಹೊರತು ಏಕೆ ಉಳಿಯಿತೆಂಬ ಪ್ರಶ್ನೆಗೆ ಉತ್ತರವಲ್ಲ, ಮತ್ತು ನಿಮ್ಮ ಲೇಖನ ಎತ್ತಿಕೊಂಡಿರುವುದು ಈ ಎರಡನೆಯ ಪ್ರಶ್ನೆಯನ್ನು.

ಉತ್ತರಕ್ಕಾಗಿ ಹಾಡಿನ ಒಳಗೇ ಹೋಗಬೇಕು. ಮೊದಲ ಚರಣವನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪಾಲ್ ಕೊಸೊಫ್ ಅವರ ಗಿಟಾರ್ ಒಂದು ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಕೆಲವು ಸ್ವರಗಳನ್ನು, ನುಡಿಸಿ ಸುಮ್ಮನಾಗುತ್ತದೆ, ಮತ್ತೆ ನುಡಿಸಿ ಮತ್ತೆ ಸುಮ್ಮನಾಗುತ್ತದೆ. ಸೈಮನ್ ಕರ್ಕ್ ಅವರ ಡ್ರಮ್ ಯಾವ ಅಲಂಕಾರವೂ ಇಲ್ಲದೆ ತಾಳ ಹಿಡಿದು ನಡೆಯುತ್ತದೆ. ಪಾಲ್ ರಾಜರ್ಸ್ ದಾರಿಯಲ್ಲಿ ಕಂಡ ಹೆಣ್ಣಿನ ಕಥೆಯನ್ನು ಮಾತಿನ ಧಾಟಿಯಲ್ಲಿ ಹಾಡುತ್ತಾರೆ. ಆಂಡಿ ಫ್ರೇಸರ್ ಅವರ ತಗ್ಗುದನಿಯ ಬೇಸ್ ಗಿಟಾರ್ ಎಲ್ಲಿ ಎಂದು ಹುಡುಕಿ ನೋಡಿ. ಚರಣದ ಉದ್ದಕ್ಕೂ ಅದು ಇಲ್ಲವೇ ಇಲ್ಲ. ಪಲ್ಲವಿ ಬಂದಾಗ ಮಾತ್ರ ಅದು ಒಳಗೆ ಬರುತ್ತದೆ, ಬಂದ ಕ್ಷಣದಲ್ಲಿ ಹಾಡಿಗೆ ನೆಲ ಸಿಕ್ಕಂತಾಗುತ್ತದೆ. ಹಾಡನ್ನು ರಾಜರ್ಸ್ ಜೊತೆ ಸೇರಿ ಬರೆದವರೇ ಈ ಫ್ರೇಸರ್. ತಾವೇ ಬರೆದ ಹಾಡಿನಲ್ಲಿ ತಮ್ಮ ವಾದ್ಯವನ್ನು ಇಷ್ಟು ಹೊತ್ತು ಮೌನವಾಗಿರಿಸಿದ ಆ ಹುಡುಗನಿಗೆ ಆಗಿನ್ನೂ ಹದಿನೇಳು ವರ್ಷ. ಬಾರಿನಲ್ಲಿ, ಕಾರಿನಲ್ಲಿ, ಕ್ರೀಡಾಂಗಣದಲ್ಲಿ ಅಪರಿಚಿತರು ಈ ಪಲ್ಲವಿಗೆ ತಾವಾಗಿಯೇ ದನಿಗೂಡಿಸುವುದಕ್ಕೆ ಅದರ ಸರಳ ಮಾತು ಎಷ್ಟು ಕಾರಣವೋ, ಅದಕ್ಕೆ ಮೊದಲು ಹಾಗೆ ತೆರವಾಗಿ ಬಿಟ್ಟ ಜಾಗವೂ ಅಷ್ಟೇ ಕಾರಣವೆಂದು ನಾನು ದೃಢವಾಗಿ ನಂಬುತ್ತೇನೆ. ನಿಮ್ಮ ಲೇಖನದ ನಡುಮನೆ ಇದಾಗಬೇಕು. ಈ ಹಾಡನ್ನು ಒಮ್ಮೆಯೂ ಕೇಳದ ಕನ್ನಡ ಓದುಗರು ಬಹಳ ಮಂದಿ ಇದ್ದಾರೆ, ಅವರಿಗೆ ಬೇಸ್ ಬರುವ ಆ ಕ್ಷಣ ಓದಿನಲ್ಲೇ ಕೇಳಿಸಬೇಕು. ‘ಅದ್ಭುತ’, ‘ರೋಮಾಂಚಕ’ ಎಂಬ ವಿಶೇಷಣಗಳಿಂದ ಆ ಕೆಲಸ ಆಗುವುದಿಲ್ಲ.

ಗಿಟಾರಿನ ಏಕವಾದನದ ಬಗ್ಗೆ ನೀವು ಬರೆದಿರುವುದು ಒಂದೇ ಸಾಲು, ಅದೂ ವೇಗದ ಹೊಗಳಿಕೆ. ಕೊಸೊಫ್ ವೇಗದ ಕಲಾವಿದರಾಗಿರಲಿಲ್ಲ. ಒಂದು ಸ್ವರವನ್ನು ಹಿಡಿದು, ಎಡಗೈ ಬೆರಳಿನಿಂದ ಅದನ್ನು ಕಂಪಿಸಿ, ಅದು ಪೂರ್ತಿ ಮಾತಾಡಿ ಮುಗಿಸುವವರೆಗೆ ಮುಂದಿನ ಸ್ವರಕ್ಕೆ ಹೋಗದೆ ಕಾಯುವುದು ಅವರ ರೀತಿ. ಕೆಳಗೆ ಬೇಸ್ ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತದೆ, ಅದರ ಮೇಲೆ ಗಿಟಾರ್ ಮೆಲ್ಲಗೆ ಮೇಲೇರುತ್ತದೆ. ಐಲೆಂಡ್ ರೆಕಾರ್ಡ್ಸ್ ಸಂಸ್ಥೆ ಹಾಡನ್ನು ಸಿಂಗಲ್ ಆಗಿ, ಅಂದರೆ ಆಲ್ಬಮ್ಮಿನಿಂದ ಬೇರೆಯಾಗಿ, ಬಿಡುಗಡೆ ಮಾಡುವಾಗ ಈ ಭಾಗವನ್ನು ಕತ್ತರಿಸಿ ಚಿಕ್ಕದು ಮಾಡಿತು. ‘ಫೈರ್ ಅಂಡ್ ವಾಟರ್’ ಆಲ್ಬಮ್ಮಿನಲ್ಲಿರುವುದು ಐದು ನಿಮಿಷ ಮೀರಿದ ಪೂರ್ಣ ಆವೃತ್ತಿ. ನೀವು ಕೇಳಿದ್ದು ಯಾವುದೆಂದು ಬರೆಯುವ ಮುನ್ನ ಖಚಿತಪಡಿಸಿಕೊಳ್ಳಿ, ಏಕೆಂದರೆ ಏರಿಕೆಯ ಅನುಭವ ಎರಡರಲ್ಲೂ ಒಂದೇ ಅಲ್ಲ.

ಡರ್ಹಮ್‌ನ ಪ್ರಸಂಗವನ್ನು ಬಿಡಬೇಡಿ. ಇಂಗ್ಲೆಂಡಿನ ಉತ್ತರದ ಆ ಊರಿನಲ್ಲಿ ಫ್ರೀ ತಂಡದ, ಸಭೆ ತುಂಬದ ಒಂದು ಕಾರ್ಯಕ್ರಮ ನಡೆಯಿತು. ಮುಗಿಸಿ ವೇದಿಕೆ ಇಳಿದಾಗ ಚಪ್ಪಾಳೆ ಅವರು ಕೋಣೆ ಸೇರುವ ಮೊದಲೇ ನಿಂತುಹೋಗಿತ್ತು. ಕೊನೆಯಲ್ಲಿ ನುಡಿಸಲು ಜನರನ್ನು ಎಬ್ಬಿಸುವಂಥ ಹಾಡೊಂದು ಬೇಕೆಂದು ಅಲ್ಲೇ ಮಾತಾಯಿತು, ಫ್ರೇಸರ್ ಪಲ್ಲವಿಯನ್ನು ಗುನುಗತೊಡಗಿದರು ಎಂಬುದು ತಂಡದವರೇ ಮುಂದೆ ಹೇಳಿಕೊಂಡು ಬಂದ ಕಥೆ. ಅದನ್ನು ಅವರ ನೆನಪೆಂದೇ ಬರೆಯಿರಿ, ನೀವು ಆ ಕೋಣೆಯಲ್ಲಿ ಇದ್ದವರಂತೆ ಸಂಭಾಷಣೆ ಕಟ್ಟಬೇಡಿ. ಈ ಕಥೆಯಿಂದ ಒಂದು ಸಂಗತಿ ತಿಳಿಯುತ್ತದೆ: ಅದಕ್ಕೆ ಮೊದಲಿನ ಎರಡು ಆಲ್ಬಮ್‌ಗಳಲ್ಲಿ ಇವರು ನಿಧಾನಗತಿಯ, ಭಾರವಾದ ಬ್ಲೂಸ್ ನುಡಿಸುತ್ತಿದ್ದರು, ಕುಣಿಯಬಹುದಾದ ಹಾಡು ಅವರ ಬಳಿ ಇರಲಿಲ್ಲ. ಆ ನಿಧಾನದ ಅಭ್ಯಾಸವೇ ಈ ವೇಗದ ಹಾಡಿನಲ್ಲೂ ಉಳಿದುಕೊಂಡಿತು, ಅದಕ್ಕಾಗಿಯೇ ಇದು ಓಡುತ್ತಿದ್ದರೂ ಏದುಸಿರು ಬಿಡುವುದಿಲ್ಲ.

ಬ್ಲೂಸ್ ಎಲ್ಲಿಂದ ಬಂತೆಂಬುದನ್ನು ನೀವು ಹೇಳಿಯೇ ಇಲ್ಲ. ಅಮೆರಿಕದ ದಕ್ಷಿಣದ ಕಪ್ಪು ಜನರ ಬದುಕಿನಲ್ಲಿ ಹುಟ್ಟಿದ ಆ ಸಂಗೀತವನ್ನು ಬ್ರಿಟನ್ನಿನ ಯುವಕರು ಬಹುಮಟ್ಟಿಗೆ ರೆಕಾರ್ಡ್‌ಗಳಿಂದ ಕಲಿತರು. ಅವರಿಗೆಲ್ಲ ಹಿರಿಯಣ್ಣನಂತಿದ್ದ ಬ್ಲೂಸ್ ಸಂಗೀತಗಾರ ಅಲೆಕ್ಸಿಸ್ ಕಾರ್ನರ್ 1968ರಲ್ಲಿ ಈ ತಂಡಕ್ಕೆ ಹೆಸರಿಟ್ಟರು, ಫ್ರೇಸರ್ ಅದಕ್ಕೆ ಮೊದಲೇ ಇನ್ನೊಬ್ಬ ಬ್ರಿಟಿಷ್ ಬ್ಲೂಸ್ ಸಂಗೀತಗಾರ ಜಾನ್ ಮೇಯಲ್ ಅವರ ತಂಡದಲ್ಲಿ ನುಡಿಸಿ ಬಂದಿದ್ದರು. ಈ ಋಣವನ್ನು ಹೇಳದೆ ನಾಲ್ವರ ಪ್ರತಿಭೆಯನ್ನಷ್ಟೇ ಹೊಗಳಿದರೆ ಬರಹ ಅನ್ಯಾಯದ ಬರಹವಾಗುತ್ತದೆ.

ಕೊಸೊಫ್ 1976ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ವಿಮಾನದಲ್ಲಿ ಪ್ರಯಾಣಿಸುತ್ತಿದ್ದಾಗ ತೀರಿಕೊಂಡರು. ನಿಮ್ಮ ಕೊನೆಯ ಪುಟಗಳು ಆ ಸಾವಿನ ಕಡೆಯಿಂದ ಹಾಡನ್ನು ನೋಡುತ್ತವೆ, ಅದು ನನಗೆ ಸರಿಕಾಣಲಿಲ್ಲ. ರೆಕಾರ್ಡ್ ಮಾಡುವಾಗ ನಾಲ್ವರಲ್ಲಿ ಒಬ್ಬರಿಗೂ ಇಪ್ಪತ್ತೊಂದು ತುಂಬಿರಲಿಲ್ಲ, ಆ ಉಲ್ಲಾಸ ನಿಜವಾದದ್ದು; ಮುಂದೆ ನಡೆದದ್ದನ್ನು ಹಿಂದಕ್ಕೆ ತಂದು ಅದರ ಮೇಲೆ ಹೊದಿಸಬಾರದು. ಅದರ ಬದಲು ಗೆಲುವಿನ ನಂತರದ ಕಷ್ಟವನ್ನು ಬರೆಯಿರಿ: 1970ರ ಆಗಸ್ಟ್ ಕೊನೆಯಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಸಂಗೀತೋತ್ಸವದ ಲಕ್ಷಾಂತರ ಜನರ ಮುಂದೆ ನುಡಿಸಿದವರು, ಅದೇ ಡಿಸೆಂಬರಿನ ‘ಹೈವೇ’ ಆಲ್ಬಮ್ ನಿರೀಕ್ಷಿಸಿದಷ್ಟು ಮಾರಾಟವಾಗದೆ, 1971ರಲ್ಲಿ ಬೇರೆಯಾದರು. ಮತ್ತೆ ಒಂದಾದರೂ 1973ರಲ್ಲಿ ಎಲ್ಲ ಮುಗಿಯಿತು. ತಂಡ ಹೋದ ಮೇಲೂ ಹಾಡು ತನ್ನ ದಾರಿ ತಾನು ಹಿಡಿಯಿತು. 1991ರಲ್ಲಿ ಚ್ಯೂಯಿಂಗ್ ಗಮ್ ಜಾಹೀರಾತಿನ ಮೂಲಕ ಬ್ರಿಟನ್ನಿನ ಮೊದಲ ಹತ್ತರೊಳಗೆ ಮರಳಿತು. ಇದಕ್ಕೆ ಒಂದು ವಾಕ್ಯ ಸಾಕು.

ತಿದ್ದಲು ಕೂರುವ ಮೊದಲು ಅದೇ ಆಲ್ಬಮ್ಮಿನ ‘ಮಿಸ್ಟರ್ ಬಿಗ್’ ಕೇಳಿ. ಅಲ್ಲಿ ಫ್ರೇಸರ್ ಅವರ ಬೇಸ್ ಹಿಂದೆ ನಿಲ್ಲದೆ ಮುಂದೆ ಬಂದು, ಕೊನೆಕೊನೆಗೆ ಮೇಲೇರಿ ಹಾಡಿನ ಮುಖ್ಯ ದನಿಯೇ ಆಗುತ್ತದೆ. ಅಷ್ಟು ನುಡಿಸಬಲ್ಲವರು ‘ಆಲ್ ರೈಟ್ ನೌ’ ಚರಣಗಳಲ್ಲಿ ಒಂದು ಸ್ವರವನ್ನೂ ನುಡಿಸಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೂರು ಪ್ಯಾರಾ ಬರೆದು, ಉಳಿದ ಲೇಖನಕ್ಕಿಂತ ಮೊದಲು ಅವನ್ನು ನನಗೆ ಕಳುಹಿಸಿ.

ನಿಮ್ಮ ಹಿತೈಷಿ