ಎಲ್ಲ ಕ್ಲಾಸ್ ಬಿಡುವ ಮೊದಲು ಇದನ್ನು ಓದು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಕಳೆದ ಸೆಮಿಸ್ಟರಿನ ಫಲಿತಾಂಶ ಸಾಲದು ಅಂತ ಕಾಲೇಜಿನ ಫೈನಾನ್ಶಿಯಲ್ ಏಡ್ (ಓದಿಗೆ ಸಿಗುವ ಹಣದ ನೆರವು) ಆಫೀಸಿನಿಂದ ವಾರ್ನಿಂಗ್ ಬಂದಿದೆ, ಎಲ್ಲ ಕ್ಲಾಸ್‌ಗಳಿಂದ ವಿತ್‌ಡ್ರಾ ಮಾಡಿ ಒಂದು ಸೆಮಿಸ್ಟರ್ ಸುಮ್ನೆ ಇದ್ದುಬಿಡ್ತೀನಿ ಅಂತ ಬರೆದಿದ್ದೀಯ. ಬೇಡ ಮಾರಾಯ. ನಾನು ಅದನ್ನೇ ಮಾಡಿದವನು.

ನನ್ನ ಎರಡನೇ ಸೆಮಿಸ್ಟರಿನ ಆರನೇ ವಾರ ಅದು. ಎಫ್ (ಫೇಲ್) ಬರುವ ಬದಲು ಡಬ್ಲ್ಯೂ (ವಿತ್‌ಡ್ರಾ ಮಾಡಿದ ಗುರುತು) ಬಂದರೆ ವಾಸಿ ಅಂದುಕೊಂಡು, ಯಾರನ್ನೂ ಕೇಳದೆ ಎಲ್ಲವನ್ನೂ ಬಿಟ್ಟೆ. ಸೆಮಿಸ್ಟರಿನ 60% ದಾಟುವ ಮೊದಲೇ ಪೂರ್ತಿ ಬಿಟ್ಟರೆ, ಅಲ್ಲಿಯವರೆಗಿನ ದಿನಗಳ ಲೆಕ್ಕದಷ್ಟು ಫೆಡರಲ್ ಏಡ್, ಅಂದರೆ ಅಮೆರಿಕ ಸರಕಾರ ಕೊಡುವ ನೆರವು, ಮಾತ್ರ ನಮ್ಮದು. ಉಳಿದದ್ದು ವಾಪಸ್ ಹೋಗುತ್ತದೆ. ಕಾಲೇಜು ಆ ದುಡ್ಡನ್ನು ಸರಕಾರಕ್ಕೆ ಕಟ್ಟಿ, ಬಿಲ್ಲನ್ನು ನಮ್ಮ ಮನೆಗೆ ಕಳಿಸಿತು. ಲಕೋಟೆ ಒಡೆದವರು ಅಪ್ಪ. ಅವರು ಒಂದು ಮಾತೂ ಬಯ್ಯಲಿಲ್ಲ. ಮಾರನೇ ವಾರದಿಂದ ಶನಿವಾರವೂ ಕೆಲಸಕ್ಕೆ ಹೋಗತೊಡಗಿದರು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ನೀನಿನ್ನೂ ಐದನೇ ವಾರದಲ್ಲಿದ್ದೀಯ. ವಾರ್ನಿಂಗ್ ಅಂದರೆ ಏಡ್ ನಿಂತಿತು ಅಂತಲ್ಲ. ಈ ಸೆಮಿಸ್ಟರ್ ಪೂರ್ತಿ ನಿನಗೆ ಪೆಲ್ ಗ್ರಾಂಟೂ (ಸರಕಾರ ಕೊಡುವ, ಸಾಮಾನ್ಯವಾಗಿ ತೀರಿಸಬೇಕಿಲ್ಲದ ದುಡ್ಡು) ಇದೆ, ಲೋನೂ ಇದೆ. ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ನೋಡುತ್ತಾರೆ. ಅವರು ನೋಡುವುದು ಮುಖ್ಯವಾಗಿ ಎರಡು: ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ), ಮತ್ತೆ ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಎಷ್ಟು ಪಾಸಾಯಿತು ಅನ್ನುವುದು. ನಿಮ್ಮ ಕಾಲೇಜಿನಲ್ಲಿ ಕಡಿಮೆ ಅಂದರೂ 2.0 ಮತ್ತು 67% ಇರಬೇಕು ಅಂತ ನೀನೇ ಬರೆದಿದ್ದೀಯ.

ನಿನ್ನೆ ರಾತ್ರಿ ಕೂತು ನಿನ್ನ ಲೆಕ್ಕ ಹಾಕಿದೆ. ಕಳೆದ ಸಲ 15 ಕ್ರೆಡಿಟ್, ಪಾಸಾದದ್ದು 9. ಅಂದರೆ 60%. ಜಿಪಿಎ 1.6. ಈಗ ತೆಗೆದುಕೊಂಡಿರುವ 12 ಕ್ರೆಡಿಟ್ ಎಲ್ಲವೂ ಪಾಸಾದರೆ 27ಕ್ಕೆ 21, ಹತ್ತಿರಹತ್ತಿರ 78%. ನಾಲ್ಕು ಕೋರ್ಸಿನಲ್ಲಿ ಎರಡು ಬಿ, ಎರಡು ಸಿ ಬಂದರೆ ಜಿಪಿಎ ಸರಿಯಾಗಿ 2.0ಕ್ಕೆ ಬಂದು ನಿಲ್ಲುತ್ತದೆ. ಎ ಬೇಕಾಗಿಯೇ ಇಲ್ಲ ಕಣೋ! ಆದರೆ ಮೂರು ಕ್ರೆಡಿಟ್‌ನ ಗಣಿತ ಒಂದನ್ನು ಬಿಟ್ಟರೂ 27ಕ್ಕೆ 18, ಅಂದರೆ 66.7%. ಕೂದಲೆಳೆಯಷ್ಟು ಕಮ್ಮಿ. ಡಬ್ಲ್ಯೂ ಜಿಪಿಎಗೆ ತಾಗುವುದಿಲ್ಲ, ಆದರೆ ತೆಗೆದುಕೊಂಡ ಕ್ರೆಡಿಟ್ ಅಂತ ಲೆಕ್ಕಕ್ಕೆ ಬರುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ.

ಹಾಗಾಗಿ ನಿನ್ನ ಶಕ್ತಿಯನ್ನೆಲ್ಲ ಗಣಿತಕ್ಕೇ ಹಾಕು. ನಾಳೆಯೇ ಟ್ಯೂಟರಿಂಗ್ ಸೆಂಟರಿಗೆ ಹೋಗು. ಪ್ರೊಫೆಸರ್ ವಿದ್ಯಾರ್ಥಿಗಳಿಗೆ ಸಿಗುವ ಆಫೀಸ್ ಅವರ್ಸ್‌ಗೂ ಹೋಗು. ಮಾತಾಡಲು ಹೆದರಿಕೆ ಆದರೆ ತಪ್ಪಾದ ಒಂದು ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡು ಹೋಗು, ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಸುಮ್ನೆ ಒಂದು ಸೆಮಿಸ್ಟರ್ ಮನೆಯಲ್ಲಿ ಕೂತರೆ ಈ ಲೆಕ್ಕ ಅಳಿಸಿಹೋಗುವುದಿಲ್ಲ. ವಾಪಸ್ ಬಂದಾಗ ಅದೇ 1.6 ಕಾದಿರುತ್ತದೆ, 60% ಮಾತ್ರ 27ಕ್ಕೆ 9, ಅಂದರೆ ಸುಮಾರು 33%ಕ್ಕೆ ಇಳಿದಿರುತ್ತದೆ.

ಎಷ್ಟು ಮಾಡಿದರೂ ಆಗಲಿಲ್ಲ ಅನ್ನು. ಆಗ ಏಡ್ ನಿಲ್ಲಿಸುತ್ತಾರೆ, ಆದರೆ ಮತ್ತೆ ಕೊಡಿ ಅಂತ ಕೇಳಿಕೊಳ್ಳುವ ಅಪೀಲ್ ಇದೆ. ಅದರಲ್ಲಿ ಎರಡು ವಿಷಯ ಹೇಳಬೇಕು: ಯಾಕೆ ಹೀಗಾಯಿತು, ಈಗ ಏನು ಬದಲಾಗಿದೆ. ನಿನ್ನ ಅಮ್ಮನ ಆಪರೇಷನ್ ಆದ ತಿಂಗಳೆಲ್ಲ ನೀನು ಆಸ್ಪತ್ರೆಯಲ್ಲೇ ಇದ್ದೆ ಅಲ್ವಾ? ಅದನ್ನು ಯಾಕೆ ಮುಚ್ಚಿಡುತ್ತೀಯ? ಅದು ನೆಪ ಅಲ್ಲ, ನಡೆದದ್ದು. ಆಸ್ಪತ್ರೆಯ ಕಾಗದಗಳನ್ನು ಈಗಲೇ ತೆಗೆದಿಡು. ನನ್ನ ಮೊದಲ ಅಪೀಲ್‌ನಲ್ಲಿ ಬರೀ ಕ್ಷಮೆ ಕೇಳಿದ್ದೆ, ತಿರಸ್ಕರಿಸಿದರು. ಎರಡನೇ ಸಲ ಅಡ್ವೈಸರ್ ಜೊತೆ ಕೂತು, ಯಾವ ಸೆಮಿಸ್ಟರಿನಲ್ಲಿ ಯಾವ ಕೋರ್ಸ್, ವಾರಕ್ಕೆ ಎಷ್ಟು ಗಂಟೆ ಕೆಲಸ ಅಂತೆಲ್ಲ ಬರೆದು ಕೊಟ್ಟೆ. ಒಪ್ಪಿದರು.

ಸೋಮವಾರ ಏಡ್ ಆಫೀಸಿಗೆ ಹೋಗು. ಹೋಗುವ ಮೊದಲು ಫೋನ್ ಮಾಡು, ಏನೇನು ಕೇಳಬೇಕು ಅಂತ ಇಬ್ಬರೂ ಕೂಡಿ ಬರೆದುಕೊಳ್ಳೋಣ. ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ನಿನ್ನ ಗೆಳೆಯ