ಮಗಳ ತಲೆಯ ಹೇನಿನ ಬಗ್ಗೆ ಗೆಳೆಯನಿಗೊಂದು ಪತ್ರ

ವಿಜಯಪುರ

ಪ್ರೀತಿಯ ಸಂಗಣ್ಣ,

ನಿನಗೆ ಉತ್ತರ ಬರೆಯಲು ತಡವಾಯಿತು. ಮನೆಯ ಮಕ್ಕಳೆಲ್ಲರ ತಲೆಯಲ್ಲಿ ಹೇನಾಗಿವೆ. ನಿನ್ನ ಹೆಸರಿಗೆ ಬರೆದ ಈ ಪತ್ರವನ್ನು ಎಲ್ಲರೂ ಓದುವಲ್ಲಿ ಹಾಕುತ್ತಿರುವುದಕ್ಕೆ ಕಾರಣವಿದೆ: ಈ ಮಾತನ್ನು ಯಾವ ಮನೆಯವರೂ ಬಾಗಿಲಿನಾಚೆ ಆಡುವುದಿಲ್ಲ.

ಬೇಸಿಗೆಯಲ್ಲಿ ನಮ್ಮ ಮಾಳಿಗೆ ಹೇಗಿರುತ್ತದೆಂದು ನಿನಗೆ ಗೊತ್ತು. ಅಣ್ಣನ ಮಕ್ಕಳು, ನನ್ನ ಮಕ್ಕಳು ಎಲ್ಲರೂ ಅವ್ವ ಹೊಲಿದ ಒಂದೇ ಕೌದಿಯ ಮೇಲೆ ತಲೆಗೆ ತಲೆ ಹಚ್ಚಿ ಮಲಗುತ್ತಾರೆ. (ನೀನು ತೂತು ಮಾಡಿದ ಅದೇ ಕೌದಿ, ಕಾರಣ ನಮ್ಮಿಬ್ಬರಲ್ಲೇ ಇರಲಿ.) ಹೇನು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಕೂದಲಿನಿಂದ ಕೂದಲಿಗೆ ತೆವಳಿಯೇ ದಾಟಬೇಕಾದ್ದರಿಂದ ತಲೆಗಳು ಕೂಡಿದಲ್ಲೇ ಅದಕ್ಕೆ ದಾರಿ.

ಸುದ್ದಿ ತಿಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಓಣಿಯವರು ಚಿಮಣಿ ಎಣ್ಣೆ ಎಂದರು. ದ್ರಾಕ್ಷಿ ತೋಟವಿರುವ ನೆಂಟರೊಬ್ಬರು ಬೆಳೆಗೆ ಹೊಡೆಯುವ ಎಣ್ಣೆಯನ್ನೇ ನಾಲ್ಕು ಹನಿ ಹಚ್ಚಿರಿ ಎಂದರು. ಇಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಮೊದಲನೆಯದು ಬೆಂಕಿಗೆ ಹತ್ತಿರ, ಎರಡನೆಯದು ಚರ್ಮದ ಮೂಲಕವೇ ಮೈಗಿಳಿಯುವ ವಿಷ. ಅವ್ವ ಸೀತಾಫಲದ ಬೀಜ ಅರೆಯಲು ಕುಳಿತಿದ್ದಳು. ಅದರಿಂದ ಹೇನು ಸಾಯುವುದು ನಿಜ, ಆದರೆ ಆ ಪುಡಿ ಕಣ್ಣಿಗೆ ಬಿದ್ದು ಕಾರ್ನಿಯಾಕ್ಕೆ ಪೆಟ್ಟಾದ ಪ್ರಕರಣಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರೇ ದಾಖಲಿಸಿದ್ದಾರೆ ಎಂದು ತಿಳಿಸಿ ಹೇಳಿದಾಗ ಆಕೆ ಸುಮ್ಮನೆ ಒರಳನ್ನು ತೊಳೆದಿಟ್ಟಳು.

ಡಾಕ್ಟರು ಬರೆದುಕೊಟ್ಟದ್ದು 1% ಪರ್ಮೆಥ್ರಿನ್ ಇರುವ ಔಷಧ. ಅದು ಹೇನನ್ನು ಕೊಲ್ಲುತ್ತದೆಯೇ ಹೊರತು ಸೀರನ್ನು ಪೂರ್ತಿಯಾಗಿ ಕೊಲ್ಲುವುದಿಲ್ಲ. ಸೀರು ಒಡೆದು ಮರಿ ಹೊರಬರಲು 7ರಿಂದ 10 ದಿನ ಬೇಕು, ಆ ಮರಿ ಬೆಳೆದು ತಾನೇ ಸೀರಿಡಲು ಇನ್ನೂ ಸುಮಾರು ಅಷ್ಟೇ ದಿನ ಬೇಕು; ಈ ನಡುವಿನ ಹೊತ್ತು ನೋಡಿಕೊಂಡು, ಸುಮಾರು 9ನೆಯ ದಿನ, ಎರಡನೆಯ ಸಲ ಹಚ್ಚಬೇಕು. ಒಮ್ಮೆ ಹಚ್ಚಿ ಕೈಬಿಟ್ಟ ಮನೆಗಳಲ್ಲಿ ಹೇನು ಮರಳಿ ಬರುವುದು ಹೀಗೆಯೇ. ಮನೆಯ ಹಾಸಿಗೆಯನ್ನೆಲ್ಲ ಕುದಿಸಬೇಕೆಂದು ಹೆಂಗಸರು ಕಂಗಾಲಾಗಿದ್ದರು, ನಳಕ್ಕೆ ನೀರು ಬಿಡುವ ಸರದಿ ಇನ್ನೂ ಬಂದಿರಲಿಲ್ಲ. ಆದರೆ ತಲೆ ಬಿಟ್ಟ ಹೇನು ರಕ್ತ ಸಿಗದೆ ಒಂದೆರಡು ದಿನಗಳಲ್ಲೇ ಸಾಯುತ್ತದೆ. ಆದ್ದರಿಂದ ತಲೆಗೆ ತಾಗಿದ ದಿಂಬಿನ ಚೀಲ, ಟವೆಲ್ಲುಗಳನ್ನಷ್ಟೇ ಬಿಸಿನೀರಿನಲ್ಲಿ ತೊಳೆದು, ಕೌದಿಗಳನ್ನು ಮಡಚಿ ಬೇರೆ ಇಟ್ಟೆವು.

ಉಳಿದದ್ದೆಲ್ಲ ಸೀರಣಿಗೆಯ ಕೆಲಸ, ಅಂದರೆ ಮನುಷ್ಯರ ಕೈಯ ಕೆಲಸ. ಹೆಂಡತಿ ಮತ್ತು ಅತ್ತಿಗೆ ಸಣ್ಣವರ ತಲೆ ಹಿಡಿದರು. ದೊಡ್ಡ ಮಗಳ ತಲೆ ನನ್ನ ಪಾಲಿಗೆ ಬಂತು. ಪಡಸಾಲೆಯ ಬೆಳಕಿನಲ್ಲಿ ಅವಳು ನನ್ನ ಮುಂದೆ ಬೆನ್ನು ಮಾಡಿ ಕೂರುತ್ತಾಳೆ, ನಾನು ಎಣ್ಣೆ ಹಚ್ಚಿದ ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸುತ್ತೇನೆ. ನನ್ನ ಮುಖ ಕಾಣದಿರುವುದರಿಂದಲೋ ಏನೋ, ಒಂದು ಸಂಜೆ ಅವಳು ಕೇಳಿದಳು: “ಅಪ್ಪಾ, ನಾ ಹೊಲಸ ಅದೀನೇನ?” ಶಾಲೆಯಲ್ಲಿ ಅವಳನ್ನು ಹಿಂದಿನ ಬೆಂಚಿಗೆ ಒಬ್ಬಳನ್ನೇ ಕೂರಿಸಿದ್ದರಂತೆ. ತಂಗಿಗೆ ಅಂಟಬಾರದೆಂದು ಮಾಳಿಗೆಯ ಮೂಲೆಯಲ್ಲಿ ಬೇರೆಯಾಗಿ ಮಲಗುತ್ತಿದ್ದಳಂತೆ. ಮನೆತುಂಬ ಜನರಿದ್ದೂ ಅವಳು ಒಬ್ಬಳೇ ಆಗಿದ್ದಳು, ಸಂಗಣ್ಣ.

ಹೇನಿಗೆ ತೊಳೆದ ತಲೆಯೂ ಒಂದೇ, ತೊಳೆಯದ ತಲೆಯೂ ಒಂದೇ ಎಂದು ಹೇಳಿದೆ. ತಲೆಹೇನು ರೋಗವನ್ನು ಹರಡುವುದಿಲ್ಲ ಎಂದೂ, ಅದಕ್ಕಾಗಿ ಮಗುವನ್ನು ಶಾಲೆಯಿಂದ ದೂರವಿಡಬೇಕಿಲ್ಲವೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ನಿಲುವು ಎಂದೂ ಹೇಳಿದೆ. ಅವಳ ಭುಜ ಇನ್ನೂ ಬಿಗಿದೇ ಇತ್ತು. ಆಗ ಇಸ್ರೇಲಿನ ಲಾಕೀಶ್‌ನಲ್ಲಿ 2016ರಲ್ಲಿ ಸಿಕ್ಕ, ಸುಮಾರು 3,700 ವರ್ಷ ಹಳೆಯ ಆನೆದಂತದ ಹಣಿಗೆಯ ಕಥೆ ಹೇಳಿದೆ. ಈ ದಂತವು ಕೂದಲಿನ ಮತ್ತು ಗಡ್ಡದ ಹೇನನ್ನು ಕಿತ್ತುಹಾಕಲಿ ಎಂಬ ಬರಹ ಅದರ ಮೇಲಿರುವುದು 2022ರಲ್ಲಿ ಪ್ರಕಟವಾಯಿತು. ಆನೆದಂತದ ಹಣಿಗೆ ಬಡವರ ಮನೆಯದಾಗಿರಲಿಕ್ಕಿಲ್ಲ ಎಂದೆ. “ಗಡ್ಡದಾಗೂ ಹೇನಾ?” ಎಂದು ಅವಳು ನಕ್ಕಳು.

ಇನ್ನೊಂದು ಮಾತನ್ನು ಬರೆಯಲೋ ಬೇಡವೋ ಎಂದು ತಡೆದಿದ್ದೆ. ಮಗಳು ದೊಡ್ಡವಳಾಗುತ್ತಿದ್ದಂತೆ ನಮ್ಮ ಕಡೆ ಅಪ್ಪಂದಿರ ಕೈ ತಾನಾಗಿ ಹಿಂದೆ ಸರಿಯುತ್ತದೆ. ಹಬ್ಬದ ದಿನ ಕಾಲಿಗೆ ಬಿದ್ದಾಗ ತಲೆಯ ಮೇಲೆ ಇಟ್ಟರೆ ಅಷ್ಟೇ. ನನ್ನ ಅಪ್ಪನ ಕೈ ನನ್ನ ತಲೆಯ ಮೇಲೆ ಹೇಗಿತ್ತೆಂಬುದು ನನಗೆ ನೆನಪಾಗುವುದಿಲ್ಲ, ಅದಕ್ಕಾಗಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಈಗ ಹಣಿಗೆಯಲ್ಲಿ ಏನೂ ಬಾರದ ದಿನ ಹತ್ತಿರವಾಗುತ್ತಿದೆ. ಅವಳ ತಲೆ ಹಗುರಾಗಲಿ ಎಂದು ಹಾರೈಸುತ್ತೇನೆ. ಆದರೆ ಆ ಮೇಲೆ ಅವಳು ನನ್ನ ಮುಂದೆ ಹೀಗೆ ಕೂತು ಮಾತನಾಡಲು ಯಾವ ನೆಪ ಉಳಿಯುತ್ತದೆ ಎಂಬ ಅಂಜಿಕೆ ರಾತ್ರಿ ನಿದ್ದೆಗೆಡಿಸುತ್ತಿದೆ.

ಇರಲಿ, ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಮಾವಿನ ಹಣ್ಣಿಗೆ ಬರುತ್ತೇನೆಂದಿದ್ದೆಯಲ್ಲ, ತಪ್ಪದೆ ಬಾ. ತಪಾಸಣೆಯಾಗದವರಿಗೆ ಮಾಳಿಗೆಯಲ್ಲಿ ಹಾಸಿಗೆಯಿಲ್ಲವೆಂದು ಮಗಳು ಸಾರಿದ್ದಾಳೆ. ನಿನ್ನ ತಲೆಯಲ್ಲಿ ಹುಡುಕಲು ಕೂದಲೇ ಉಳಿದಿಲ್ಲವೆಂಬುದನ್ನು ನಾನಿನ್ನೂ ಅವಳಿಗೆ ಹೇಳಿಲ್ಲ. ಪುಣೆಯಿಂದ ಬರುವಾಗ ಒತ್ತು ಹಲ್ಲಿನ ಉಕ್ಕಿನ ಹಣಿಗೆಯೊಂದನ್ನು ತಾ. ಬಾಗಲಕೋಟೆ ಬಸ್ಸಿನ ಮಾತನ್ನು ಮಾತ್ರ ಮಕ್ಕಳ ಮುಂದೆ ತೆಗೆಯಬೇಡ.

ನಿನ್ನ,
ಗುರು