ನಂದಿದ ಕಲಿಕೆ ಅಳಿದಿರುವುದಿಲ್ಲ

ಮಾನ್ಯ ಸಂಪಾದಕರೇ,

ಪ್ರಾಣಿಗಳ ತರಬೇತಿಯ ಕುರಿತ ಬರಹಗಳಲ್ಲಿ, ಪ್ರತಿಫಲ ನಿಲ್ಲಿಸಿದರೆ ಕಲಿತ ವರ್ತನೆ ಅಳಿಸಿಹೋಗುತ್ತದೆ ಎಂಬ ಮಾತನ್ನು ಓದಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಅದು ಅಳಿಯುವುದಿಲ್ಲ, ನಂದುತ್ತದೆ. ಬೂದಿಯ ಕೆಳಗೆ ಕೆಂಡ ಉಳಿದೇ ಇರುತ್ತದೆ.

ಇದನ್ನು ಮೊದಲೇ ಗಮನಿಸಿದವರು ರಷ್ಯಾದ ಶರೀರವಿಜ್ಞಾನಿ ಇವಾನ್ ಪಾವ್ಲೋವ್. ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಎಂಬ ಸಾಧನದ ಸದ್ದಿನ ಬೆನ್ನಿಗೇ ಆಹಾರ ಪಡೆದ ನಾಯಿ ಆ ಸದ್ದಿಗೇ ಜೊಲ್ಲು ಸುರಿಸತೊಡಗುತ್ತಿತ್ತು; ಆಹಾರವಿಲ್ಲದೆ ಸದ್ದನ್ನಷ್ಟೇ ಮತ್ತೆ ಮತ್ತೆ ಕೇಳಿಸಿದಾಗ ಜೊಲ್ಲು ಕ್ರಮೇಣ ನಿಲ್ಲುತ್ತಿತ್ತು. ಆದರೆ ಒಂದಿಷ್ಟು ಬಿಡುವಿನ ಬಳಿಕ ಅದೇ ಸದ್ದು ಕೇಳಿಸಿದರೆ, ನಡುವೆ ಒಂದು ತುತ್ತನ್ನೂ ಕೊಡದಿದ್ದರೂ, ಜೊಲ್ಲು ಕಡಿಮೆ ಪ್ರಮಾಣದಲ್ಲಾದರೂ ಮರಳುತ್ತಿತ್ತು. ಪೂರ್ತಿ ಅಳಿದುಹೋದದ್ದು ಬರೀ ಹೊತ್ತು ಕಳೆದ ಮಾತ್ರಕ್ಕೆ ಮರಳೀತೇ?

ಮರಳಿ ಬರಲು ಬೇರೆ ದಾರಿಗಳೂ ಇವೆ. ಒಂದು ಸಂಕೇತದ ಬೆನ್ನಿಗೇ ವಿದ್ಯುತ್ ಆಘಾತ ಪಡೆದು ಆ ಸಂಕೇತಕ್ಕೇ ಹೆದರಲು ಕಲಿತು, ಬಳಿಕ ಆ ಭಯ ನಂದಿದ ಇಲಿಗೆ, ಸಂಕೇತವಿಲ್ಲದೆಯೇ ಆಘಾತ ಕೊಟ್ಟರೂ ಸಂಕೇತದ ಭಯ ಮತ್ತೆ ಏಳುವುದನ್ನು ಮನೋವಿಜ್ಞಾನಿಗಳಾದ ರೆಸ್ಕೊರ್ಲಾ ಮತ್ತು ಹೆತ್ 1975ರಲ್ಲಿ ತೋರಿಸಿದರು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 1979ರಲ್ಲಿ ಮನೋವಿಜ್ಞಾನಿಗಳಾದ ಬೌಟನ್ ಮತ್ತು ಬೋಲ್ಸ್ ಪ್ರಕಟಿಸಿದ ಪ್ರಯೋಗ. ಒಂದು ಪಂಜರದಲ್ಲಿ ಸಂಕೇತದ ಭಯ ಕಲಿತ ಇಲಿಗಳಿಗೆ ಬೇರೊಂದು ಪಂಜರದಲ್ಲಿ ಆ ಭಯವನ್ನು ನಂದಿಸಿ, ಬಳಿಕ ಮೊದಲಿನ ಪಂಜರಕ್ಕೆ ತಂದಾಗ ಭಯ ಮರಳಿತು. ಸಂಕೇತ ಅಪಾಯದ್ದು ಎಂಬ ಮೊದಲ ಕಲಿಕೆಯ ಜೊತೆಗೆ, ಇಲ್ಲಿ ಈಗ ಅಪಾಯವಿಲ್ಲ ಎಂಬ ಎರಡನೆಯ ಕಲಿಕೆಯೊಂದು ಸೇರಿರುತ್ತದೆ ಎಂಬುದು ಬೌಟನ್ ಅವರ ವಿವರಣೆ. ಈ ಎರಡನೆಯದು ತಾನು ಕಲಿತ ಜಾಗ ಮತ್ತು ಹೊತ್ತಿಗೆ ಹೆಚ್ಚು ಅಂಟಿಕೊಂಡಿರುವುದರಿಂದ, ಅವು ಬದಲಾದೊಡನೆ ಮೊದಲನೆಯದು ಮೇಲೇಳುತ್ತದೆ.

ಇದು ತಿಳಿಯದೆ ಹೋದಾಗ ನೋವು ಉಣ್ಣುವುದು ಪ್ರಾಣಿ. ತರಬೇತಿಯ ಅಂಗಳದಲ್ಲಿ ಹೆದರಿಕೆ ಬಿಟ್ಟ ನಾಯಿ ಹಳೆಯ ಜಾಗದಲ್ಲಿ ಮತ್ತೆ ನಡುಗಿದರೆ ಅದನ್ನು ಮೊಂಡುತನವೆಂದು ಗದರುತ್ತಾರೆ, ಕೆಲವರು ಹೊಡೆಯುತ್ತಾರೆ; ಮೊದಲೇ ಭಯಗೊಂಡ ಪ್ರಾಣಿಗೆ ಆ ಪೆಟ್ಟು ಭಯಕ್ಕೆ ಇನ್ನೊಂದು ಕಾರಣವಾಗಬಹುದು. ಆದ್ದರಿಂದ ಇಂಥ ಬರಹಗಳಲ್ಲಿ ‘ಅಳಿಸುವುದು’ ಎಂಬ ಪದವನ್ನು ಕೈಬಿಡಬೇಕು. ತರಬೇತಿಯನ್ನು ಒಂದೇ ಜಾಗದಲ್ಲಿ ಮುಗಿಸದೆ, ಭಯ ಹುಟ್ಟಿದ ಜಾಗವೂ ಸೇರಿದಂತೆ ಹಲವು ಕಡೆ, ದಿನಗಳ ಅಂತರದಲ್ಲಿ ಮತ್ತೆ ಮತ್ತೆ ನಡೆಸಬೇಕೆಂಬುದನ್ನೂ ಓದುಗರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ